ಒಂದು ಶೆಡ್ಡಿಗೆ ಎರಡು ಬೀಗ

ಹಾಲ್ಕುರಿಕೆಯ ಮರುಳಪ್ಪನೂ ದೊಡ್ಡರಂಗಯ್ಯನೂ ಕೂಡಿಕೊಂಡು ತೆಂಗಿನ ಸಿಪ್ಪೆಯಿಂದ ನಾರು ತೆಗೆಯುವ ಕಾರ್ಖಾನೆ ನಡೆಸುತ್ತ ಅರ್ಧ ಆಯಸ್ಸು ಕಳೆದಿದ್ದರು. ಶೆಡ್ಡು ಮರುಳಪ್ಪನ ಜಮೀನಿನಲ್ಲಿತ್ತು, ಯಂತ್ರ ದೊಡ್ಡರಂಗಯ್ಯನದು. ಲಾಭ ಸಮಪಾಲು. ಜಗಳ ಬಂದದ್ದು ಕುರ್ಚಿಯಿಂದ.

ಮರುಳಪ್ಪ ನಾದಿನಿಯ ಮಗಳ ಮದುವೆಗೆಂದು ದಂಡಿನಶಿವರಕ್ಕೆ ಹೋಗಿ ಬರುವಷ್ಟರಲ್ಲಿ ಅವನ ಕುರ್ಚಿಯಲ್ಲಿ ದೊಡ್ಡರಂಗಯ್ಯನ ಮಗ ಸಿದ್ದಾರ್ಥ್ ಕೂತಿದ್ದ. ಇನ್ನು ಮುಂದೆ ಅವನೇ ಮ್ಯಾನೇಜರಂತೆ. ಮರುಳಪ್ಪನನ್ನು ಕಂಡು ನಮಸ್ಕಾರ ಮಾಡಿದ, ಏಳಲಿಲ್ಲ. ಮರುಳಪ್ಪ ಸಂಜೆಯವರೆಗೂ ನಿಂತೇ ಕೆಲಸ ನೋಡಿಕೊಂಡು, ಹೋಗುವಾಗ ಶೆಡ್ಡಿಗೆ ತನ್ನದೊಂದು ಬೀಗ ಜಡಿದು ಹೋದ. ಬೆಳಿಗ್ಗೆ ಬಂದು ನೋಡಿದರೆ ಅದರ ಪಕ್ಕದಲ್ಲೇ ದೊಡ್ಡರಂಗಯ್ಯನ ಬೀಗವೂ ನೇತಾಡುತ್ತಿತ್ತು. ಸಿಪ್ಪೆ ತುಂಬಿಕೊಂಡು ಬಂದ ಟ್ರ್ಯಾಕ್ಟರುಗಳು ಬಂದ ದಾರಿಯಲ್ಲೇ ಹಿಂದಿರುಗಿದವು.

ಊರ ಹಿರಿಯರು ಕೂರಿಸಿ ಮಾತಾಡಿದರು. ಇಬ್ಬರೂ ಕಾಫಿ ಕುಡಿದು ಎದ್ದುಹೋದರು. ಕೊನೆಗೆ ಮರುಳಪ್ಪ ತಿಪಟೂರಿನ ವಕೀಲೆ ಗಿರಿಜಾಂಬಿಕಾ ಅವರ ಆಫೀಸಿಗೆ ಹೋದ. ಪಾಲುದಾರಿಕೆಯ ಕರಾರು ಎಲ್ಲಿ ಎಂದು ಅವರು ಕೇಳಿದರು. ಬಾಯಿಮಾತಿನಲ್ಲೇ ಆದದ್ದು ಎಂದ. ನೋಂದಣಿಯೂ ಇರಲಿಲ್ಲ. ತನಗೆ ಬೇಕಾದದ್ದು ಇಷ್ಟೇ, ಮೊದಲು ಹೇಗಿತ್ತೋ ಹಾಗೆ ನಡೆಯಬೇಕು ಎಂದ.

“ನೋಂದಣಿ ಇಲ್ದೆ, ಹಂಗೇ ನಡೆಸಬೇಕು ಅಂತ ಹಾಕಿದ ದಾವೆ ನಿಲ್ಲಲ್ಲ, ಮರುಳಪ್ಪನವರೇ. ಬೇರೆ ಆಗ್ತೀವಿ ಅಂದ್ರೆ ನಿಲ್ಲುತ್ತೆ.”

“ಹಂಗಾದ್ರೆ ಬೇರೇನೇ ಮಾಡ್ಬುಡಿ, ತಾಯಿ.”

ಅಂದುಬಿಟ್ಟ. ಮಾತು ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ಅವರಾಗಲೇ ಬರೆದುಕೊಳ್ಳುತ್ತಿದ್ದರು.

ನೋಟಿಸು ತಲುಪಿದ ಮೇಲೆ ದೊಡ್ಡರಂಗಯ್ಯ ತಾನೇ ಆಫೀಸಿಗೆ ಬಂದ. ಕೋರ್ಟಿಗೆ ಹೋದರೆ ತೀರ್ಪಿಗೆ ಮುಂಚೆ ಯಂತ್ರ ತುಕ್ಕು ಹಿಡಿಯುತ್ತದೆ, ನೀವೂ ನಿಮ್ಮ ವಕೀಲರನ್ನು ಕೇಳಿಕೊಂಡು ಬನ್ನಿ ಎಂದರು ಗಿರಿಜಾಂಬಿಕಾ. ಅವನು ಕೇಳಿಕೊಂಡು ಬಂದ. ಅವನ ವಕೀಲರೂ ತುಕ್ಕಿನ ಮಾತನ್ನೇ ಹೇಳಿದ್ದರು. ಯಂತ್ರ ದೊಡ್ಡರಂಗಯ್ಯನಿಗೆ, ಶೆಡ್ಡು ಮತ್ತು ಕರೆಂಟು ಲೈನು ಮರುಳಪ್ಪನಿಗೆ ಎಂದು ತೀರ್ಮಾನವಾಗಿ ಇಬ್ಬರೂ ಸಹಿ ಹಾಕಿದರು.

ಆಮೇಲೆ ದೊಡ್ಡರಂಗಯ್ಯ ಯಂತ್ರ ಇಡಲು ಜಾಗ ಹುಡುಕಿದ. ಜಾಗ ಸಿಕ್ಕಲ್ಲಿ ಕರೆಂಟು ಇರಲಿಲ್ಲ. ಇತ್ತ ಮರುಳಪ್ಪ ಶೆಡ್ಡಿನಲ್ಲಿ ಕೊಬ್ಬರಿಗೆ ಅಟ್ಟ ಕಟ್ಟೋಣವೆಂದುಕೊಂಡ. ಅಟ್ಟ ಏರಿಸಲು ಸೂರು ತಗ್ಗಾಯಿತು. ಹೀಗಾಗಿ ಇಬ್ಬರೂ ಮತ್ತೆ ಗಿರಿಜಾಂಬಿಕಾ ಅವರ ಮುಂದೆ ಕೂತು, ಶೆಡ್ಡನ್ನು ದೊಡ್ಡರಂಗಯ್ಯನಿಗೆ ಬಾಡಿಗೆಗೆ ಕೊಟ್ಟ ಕರಾರು ಬರೆಸಿದರು. ಈ ಸಲ ನೋಂದಣಿಯೂ ಆಯಿತು.

ಈಗ ಕಾರ್ಖಾನೆ ನಡೆಯುತ್ತಿದೆ. ಸಿದ್ದಾರ್ಥನೇ ಮ್ಯಾನೇಜರು. ಮರುಳಪ್ಪ ತೋಟದಿಂದ ಬರುವಾಗ ಬಾಗಿಲಲ್ಲಿ ನಿಲ್ಲುತ್ತಾನೆ. ಮಾಲೀಕನಾದರೂ ಕೇಳದೆ ಒಳಗೆ ಕಾಲಿಡಬಾರದೆಂದು ಕರಾರಿನಲ್ಲಿದೆ. ತನ್ನ ಜಾಗಕ್ಕೆ ತಾನೇ ಅಪ್ಪಣೆ ಕೇಳುವುದು ಮೊದಮೊದಲು ಅವನಿಗೆ ಸಂಕಟವಾಗುತ್ತಿತ್ತು.

“ಒಳಕ್ಕೆ ಬರ್ಬೋದೇನ್ಲಾ?”

“ಬಾರ್ಲಾ,” ಎಂದು ದೊಡ್ಡರಂಗಯ್ಯ ಬೆಂಚಿನಲ್ಲಿ ಸ್ವಲ್ಪ ಸರಿದು ಕೂರುತ್ತಾನೆ.

ಇಬ್ಬರೂ ಸಿಪ್ಪೆಯ ವಿಚಾರ, ಮಳೆಯ ವಿಚಾರ ಮಾತಾಡುತ್ತಾರೆ. ಯಂತ್ರ ಶುರುವಾದ ಮೇಲೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಆದರೂ ಮರುಳಪ್ಪ ಇನ್ನಷ್ಟು ಹೊತ್ತು ಕೂತಿರುತ್ತಾನೆ.