ಹದಿಮೂರನೆಯ ಕುಣಿಕೆ

ಬೀದಿಯ ತಿರುವಿನಲ್ಲಿ ಡೋಲಿನ ಸದ್ದು ಕೇಳಿಸಿದಾಗ ಟೈಲರಕ್ಕ ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದಳು. ನಾಗರಿಕ ಹಕ್ಕುಗಳ ಮೆರವಣಿಗೆ ಹೊರಟಿತ್ತು.

ಅದರ ಉದ್ದನೆಯ ಬ್ಯಾನರನ್ನು ಇಪ್ಪತ್ತು ವರ್ಷಗಳಿಂದ ಅವಳೇ ಹೊಲಿಯುತ್ತಿದ್ದಳು. ಹಿಡಿದು ನಡೆಯುವವರಿಗಾಗಿ ಅಂಚಿನಲ್ಲಿ ಹನ್ನೆರಡು ಬಟ್ಟೆಯ ಕುಣಿಕೆಗಳು ಬೇಕು. ಅವಳು ಪ್ರತಿ ಸಲವೂ ಹದಿಮೂರು ಹಾಕುತ್ತಿದ್ದಳು. ತಮ್ಮ ಜನರಿಗೆ ಈ ಬೀದಿಯಲ್ಲಿ ಯಾರೂ ಅಂಗಡಿ ಕೊಡದಿದ್ದ ಕಾಲದಲ್ಲಿ ಅವಳ ಅಮ್ಮ ಮೊದಲ ಮೆರವಣಿಗೆಯಲ್ಲಿ ನಡೆದಿದ್ದಳು. ಈಗ ಅಮ್ಮನಿಲ್ಲ. ಆ ಒಂದು ಕುಣಿಕೆ ಖಾಲಿಯಾಗಿ ತೂಗುತ್ತಾ ಹೋಗುವುದನ್ನು ಟೈಲರಕ್ಕ ವರ್ಷವರ್ಷವೂ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅದನ್ನು ಹಿಡಿದರೆ ಅಮ್ಮನ ಅಂಗೈಯ ಬಿಸಿ ಸಿಕ್ಕೀತೇನೋ ಎಂಬ ಆಸೆ. ಆದರೆ ಅಂದೇ ಯಾರದೋ ಬಟ್ಟೆಗೆ ಅವಸರವಿರುತ್ತಿತ್ತು.

ಈ ವರ್ಷ ಪ್ಯಾಂಟಿಗೆ ಕಾದು ಕೂತಿದ್ದವನು ಎದುರಂಗಡಿಯ ಗಡಿಯಾರ ರಿಪೇರಿಯ ಮಾವ. ಹತ್ತಿರ ಬರುತ್ತಿದ್ದ ಬ್ಯಾನರಿನತ್ತ ಅವನು ಕತ್ತು ಚಾಚಿದ.

"ಮತ್ತೆ ಒಂದು ಕುಣಿಕೆ ಜಾಸ್ತಿ. ಎಣಿಸೋಕೆ ಯಾವಾಗ ಕಲೀತೀಯಮ್ಮ?"

"ಅದು ಅಮ್ಮಂದು, ಮಾವ."

"ಅವಳು ನಡೆದಾಯ್ತು, ನಿನಗೆ ಅಂಗಡಿ ಸಿಕ್ಕಾಯ್ತು. ಇನ್ಯಾಕೆ ಮೆರವಣಿಗೆ?"

"ಮೊನ್ನೆ ನನ್ನ ಮಗಳು ಬಾಡಿಗೆ ಮನೆ ನೋಡೋಕೆ ಹೋದಳು. ಹೆಸರು ಕೇಳೋ ಮೊದಲೇ, ನೀವು ಯಾವ ಜನ ಅಂತ ಕೇಳಿದರಂತೆ. ಅಮ್ಮ ನಡೆದದ್ದು ಅರ್ಧ ದಾರಿ, ಮಾವ."

"ನೀನೊಬ್ಬಳು ಹೋದರೆ ಏನಾಗುತ್ತೆ?"

ಅವಳು ಎದ್ದು ನಿಂತಳು. ಬ್ಯಾನರು ಅಂಗಡಿಯ ಮುಂದೆಯೇ ಬಂದಿತ್ತು.

"ಅಲ್ಲಮ್ಮ, ಒಂದೇ ಕಾಲು ಹೊಲಿದಿದೀಯ, ಸಂಜೆ ಮದುವೆಗೆ ನಾನು ಇನ್ನೊಂದು ಕಾಲನ್ನ..." ಎಂದು ಅವನು ಹೇಳುತ್ತಿರುವಾಗಲೇ, ಕೊರಳಿನ ಅಳತೆ ಟೇಪನ್ನೂ ತೆಗೆಯದೆ, ಅವಳು ಮೆಟ್ಟಿಲಿಳಿದು ತೂಗುತ್ತಿದ್ದ ಕುಣಿಕೆಯ ಕಡೆಗೆ ನಡೆದಳು.