ಸಾಹೇಬನ ಹಾವಿಗೆ ಕೈಮುಗಿದದ್ದು

ಕೊಲ್ಲಿ ದೇಶದಲ್ಲಿ, ನಮ್ಮ ಅಲ್ ಹೈಲ್ ಮನೆಯ ಫ್ರೀಜರಿನಲ್ಲಿ ತೆಂಗಿನತುರಿಯ ಡಬ್ಬದ ಪಕ್ಕ ನಾಲ್ಕು ಸತ್ತ ಇಲಿಗಳಿದ್ದವು. ನಾವು ಮೊಟ್ಟೆಯನ್ನೂ ಮುಟ್ಟದ ಉಡುಪಿ ಕಡೆಯವರು. ಆದರೆ ನನ್ನ ಗಂಡನ ಮ್ಯಾನೇಜರ್, ಒಬ್ಬ ಇಂಗ್ಲಿಷಿನವ, ರಜೆಗೆ ಊರಿಗೆ ಹೊರಟಾಗ ತಾನು ಸಾಕಿದ ಹಾವನ್ನು ಯಾರು ನೋಡಿಕೊಳ್ಳುತ್ತೀರಿ ಎಂದು ಆಫೀಸಿನಲ್ಲಿ ಕೇಳಿದ್ದನಂತೆ. ಮಿಕ್ಕವರೆಲ್ಲ ನೆಲ ನೋಡಿದರು, ನನ್ನ ಗಂಡ ಕೈ ಎತ್ತಿದರು. ಆ ವರ್ಷ ಅವರ ವೀಸಾ ಮುಗಿಯುವುದಿತ್ತು. ಈತ ಬೇಕು ಎಂದು ಕಫೀಲನಿಗೆ, ಅಂದರೆ ವೀಸಾ ಕೊಡಿಸುವ ಅರಬ್ ಧಣಿಗೆ, ಬರೆದುಕೊಡಬೇಕಾದವನು ಆ ಮ್ಯಾನೇಜರನೇ. ತೊಂಬತ್ತರ ದಶಕದ ಆರಂಭದ ಮಾತು.

ಹೀಗೆ ಒಂದು ಗಾಜಿನ ಪೆಟ್ಟಿಗೆ ನಮ್ಮ ನಡುಮನೆಗೆ ಬಂತು. ಒಳಗೆ ಕೇಸರಿ ಬಣ್ಣದ, ಮೂರು ಮೊಳ ಉದ್ದದ ಹಾವು. ಅಮೇರಿಕದ್ದು, ವಿಷ ಇಲ್ಲ, ಎಂದರು ಗಂಡ. ನನ್ನನ್ನು ಒಂದು ಮಾತು ಕೇಳಲಿಲ್ಲ. ನಾಗಬನದ ಕಡೆ ಕಾಲು ಚಾಚಿ ಕೂತರೆ ಬೈಗುಳ ತಿನ್ನುತ್ತಿದ್ದ ನಾನು, ಅದರ ಎದುರೇ ಕೂತು ತರಕಾರಿ ಹೆಚ್ಚಬೇಕಾಯಿತು.

ಅಲ್ಲಿ ಗುರುವಾರ, ಶುಕ್ರವಾರ ರಜೆ. ಗುರುವಾರ ಗಂಡ ಅದಕ್ಕೆ ಇಲಿ ಹಾಕಿದವರು ಮುಚ್ಚಳದ ಕೊಕ್ಕೆ ಹಾಕಲು ಮರೆತರು. ಮರೆತದ್ದು ಅವರು, ಇದನ್ನು ಬರೆದಿಡಲೇಬೇಕು. ಶುಕ್ರವಾರ ಪೆಟ್ಟಿಗೆ ಖಾಲಿ. ಸೋಫಾ ಮಗುಚಿ, ಹಾಸಿಗೆ ಎತ್ತಿ, ದಿನವಿಡೀ ಹುಡುಕಿದೆವು. ಶನಿವಾರ ಅವರು ಕೆಲಸಕ್ಕೆ ಹೋದರು.

ಮಧ್ಯಾಹ್ನ ಅಡುಗೆಮನೆ ಮೂಲೆಯ ದೇವರ ಮಣೆಯ ಮೇಲೆ ಅದು ಸಿಕ್ಕಿತು. ಎ.ಸಿ.ಯ ಚಳಿ ತಾಳದೆ ದೀಪದ ಬಿಸಿ ಹುಡುಕಿ ಬಂದಿತ್ತೆಂದು ಈಗ ಗೊತ್ತು. ಆಗ ನನಗೆ ಕಂಡದ್ದು ದೇವರ ಮುಂದೆ ಸುತ್ತಿಕೊಂಡು ಕೂತ ನಾಗ. ಹಿಡಿದು ಪೆಟ್ಟಿಗೆಗೆ ಹಾಕಬಹುದಿತ್ತಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು. ನಾಗನಿಗೆ ಕೈ ಹಾಕುವುದುಂಟೇ? ಊರಲ್ಲಿ ಅಮ್ಮ ಏನು ಮಾಡುತ್ತಿದ್ದರೋ ನಾನೂ ಅದನ್ನೇ ಮಾಡಿದೆ. ಹಿತ್ತಲ ಬಾಗಿಲನ್ನು ಪೂರ್ತಿ ತೆರೆದೆ. ಪಕ್ಕಕ್ಕೆ ನಿಂತು ಕೈಮುಗಿದು, ಅಮ್ಮನ ಹಾಗೆ ಬಹುವಚನದಲ್ಲೇ ಹೇಳಿದೆ:

"ನಿಮ್ಮ ದಾರಿಗೆ ನಾವು ಬರುದಿಲ್ಲ. ನಮ್ಮ ದಾರಿಗೆ ನೀವು ಬರ್ಬೇಡಿ. ಬಂದ ಹಾಗೇ ಹೋಗಿ."

ಸ್ವಲ್ಪ ಹೊತ್ತಿಗೆ ಅದು ಹೋಯಿತು. ನನ್ನ ಮಾತು ಕೇಳಿಯೇ ಹೋಯಿತೆಂದು ಕಣ್ಣು ತುಂಬಿ ಬಂತು.

ಹೊರಗೆ ಜುಲೈ ತಿಂಗಳ ಬಿಸಿಲು. ಗಾಜಿನ ಪೆಟ್ಟಿಗೆಯಲ್ಲೇ ಬೆಳೆದ ಜೀವ ಅದು. ಒಂದೂವರೆಗೆ ಗಂಡ ಊಟಕ್ಕೆ ಬಂದಾಗ ಗ್ಯಾಸ್ ಸಿಲಿಂಡರಿನ ಬಳಿ, ಸುಡುವ ಕಾಂಕ್ರೀಟಿನ ಮೇಲೆ ಸತ್ತು ಬಿದ್ದಿತ್ತು. ಕೊಂದದ್ದು ನಾನೇ. ನಾಗ ಸತ್ತರೆ ನಮ್ಮಲ್ಲಿ ಮನುಷ್ಯರಿಗೆ ಮಾಡುವ ಹಾಗೆ ಸಂಸ್ಕಾರ ಮಾಡುತ್ತಾರೆ. ಒಂದು ತುಂಡು ಗಂಧ ಇಟ್ಟಾದರೂ ಸುಡುವ ಎಂದು ಅಂಗಲಾಚಿದೆ.

"ನಿಂಗೆ ಮಂಡೆ ಸಮ ಉಂಟಾ? ಅಮೇರಿಕದ ಹಾವಿಗೆ ಎಂಥ ಸಂಸ್ಕಾರ?" ಎಂದ ಗಂಡ ಅದನ್ನು ಪೇಪರಿನಲ್ಲಿ ಸುತ್ತಿ ಬೀದಿಯ ಕಸದ ಡ್ರಮ್ಮಿಗೆ ಹಾಕಿದರು. ಕೈ ತೊಳೆದು ಬಂದು ಉಂಡರು. ನಾನು ಉಣ್ಣಲಿಲ್ಲ.

ರಜೆ ಮುಗಿಸಿ ಮ್ಯಾನೇಜರ್ ಮನೆಗೇ ಬಂದ. ಗಂಡ ಕೊಕ್ಕೆಯ ಸುದ್ದಿಯನ್ನೇ ಎತ್ತಲಿಲ್ಲ. ನನ್ನ ಹೆಂಡತಿ ಹಳ್ಳಿಯವಳು ಸರ್, ಹಾವು ಕಂಡರೆ ಪೂಜೆ ಮಾಡುತ್ತಾಳೆ, ಪೆಟ್ಟಿಗೆ ತೆರೆದು ಕೈಮುಗಿದು ಕಳಿಸಿಬಿಟ್ಟಳು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಬಿ.ಎಸ್ಸಿ. ಮಾಡಿದ ನಾನು ಚಹಾದ ಟ್ರೇ ಹಿಡಿದು ಅಲ್ಲೇ ನಿಂತಿದ್ದೆ. ಅವನ ಮುಖ ಮೊದಲು ಕೆಂಪಾಯಿತು. ಆಮೇಲೆ ನನ್ನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಖಲಾಸ್" ಎಂದ, ಮುಗಿಯಿತು ಬಿಡಿ ಎನ್ನುವ ಹಾಗೆ. ವೀಸಾ ಎರಡು ವರ್ಷ ಮುಂದುವರಿಯಿತು. ನನ್ನ ಮಾನ ಕಳೆದು ತಂದ ವೀಸಾ.

ಅಲ್ಲಿಗೇ ಬಿಟ್ಟಿದ್ದರೆ ನಾನೂ ನುಂಗಿಕೊಳ್ಳುತ್ತಿದ್ದೆ. ಆದರೆ ಆಫೀಸಿನ ಪ್ರತಿ ಪಾರ್ಟಿಯಲ್ಲೂ ಗಂಡ ಈ ಕಥೆ ಹೇಳಬೇಕು, ಎಲ್ಲರೂ ನಗಬೇಕು. ಡಿಸೆಂಬರಿನ ಪಾರ್ಟಿಯಲ್ಲಿ ಮ್ಯಾನೇಜರ್ ಸಾಹೇಬನಿಗೆ ನಾನು ಕೈಮುಗಿದ ಬಗೆಯನ್ನು ಕಣ್ಣಾರೆ ನೋಡುವ ಆಸೆಯಾಯಿತು.

"ಒಮ್ಮೆ ಮಾಡಿ ತೋರ್ಸು ಮಾರಾಯ್ತಿ," ಎಂದರು ಗಂಡ, ಹಲ್ಲು ಕಿರಿಯುತ್ತ.

ತೋರಿಸಿದೆ. ಗಂಡನ ಎದುರಿಗೇ ಹೋಗಿ ನಿಂತು ಕೈಮುಗಿದೆ. "ನಿಮ್ಮ ದಾರಿಗೆ ನಾವು ಬರುದಿಲ್ಲ. ನಮ್ಮ ದಾರಿಗೆ ನೀವು ಬರ್ಬೇಡಿ. ಬಂದ ಹಾಗೇ ಹೋಗಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಗಂಡನ ನಗು ಅಲ್ಲೇ ನಿಂತಿತು. ಆ ಕಥೆಯನ್ನು ಅವರು ಮತ್ತೆಂದೂ ಹೇಳಲಿಲ್ಲ.

ಹಾವಾದರೂ ಮಾತು ಕೇಳಿ ಹೋಗಿತ್ತು. ಇವರು ಹೋಗಲಿಲ್ಲ. ನಾನೂ ಹೋಗಲಿಲ್ಲ.