ಎದ್ದು ಕೂತಂಗೆ

ಅಜ್ಜಂಪುರದ ಆ ಕಂಪ್ಯೂಟರ್ ಸೆಂಟರಿನವರು ಪಿಂಚಣಿಗೆ ಬೇಕಾದ ಫೋಟೋ ತೆಗೆಯಲು ಹಾಸಿಗೆ ಹಿಡಿದವರ ಮನೆಗೇ ಲ್ಯಾಪ್‌ಟಾಪ್ ಹೊತ್ತು ಬರುತ್ತಿದ್ದರು. ಮೊದಲು ಜೇಬಿನ ಬಾಚಣಿಗೆ ತೆಗೆದು, ಒದ್ದೆ ಮಾಡಿ, ಮಲಗಿದವರ ತಲೆ ತಾವೇ ಬಾಚುತ್ತಿದ್ದರು. ಆಮೇಲೆ ವೆಬ್‌ಕ್ಯಾಮ್ ಹಿಡಿದು, "ತಿರುಗ್ಸಿದ್ರೆ ಎದ್ದು ಕೂತಂಗೇ ಕಣ್ರೀ" ಎನ್ನುತ್ತಿದ್ದರು.

ಮಗ್ಗುಲಾಗಿ ಮಲಗಿದ್ದ ನಮ್ಮಪ್ಪನ ಚಿತ್ರವನ್ನೂ ಹಾಗೇ ತಿರುಗಿಸಿದರು. ಮಾತೂ ನಿಂತುಹೋಗಿದ್ದ ಗಂಡ ತೆರೆಯ ಮೇಲೆ ನೆಟ್ಟಗೆ ಕಂಡಿದ್ದೇ ತಡ, ಅಮ್ಮ "ಎದ್ ಕೂತ್ಬಿಟ್ರು ಕಣೋ!" ಎಂದು ನನ್ನತ್ತ ತಿರುಗಿ ನಕ್ಕಳು. ಸೆಂಟರಿನವರು ನಗಲಿಲ್ಲ. ತೆರೆಗೆ ಮುಖ ಹತ್ತಿರ ತಂದು ನೋಡಿ, "ಇನ್ನೊಂದು ತೆಗೀತೀನಮ್ಮಾ" ಎಂದರು.

"ಬ್ಯಾಡ ಕಣಪ್ಪ, ಇದೇ ಇರ್ಲಿ" ಎಂದಳು ಅಮ್ಮ.

ಗೋಡೆಯ ಮೇಲಿನ ಆ ಫೋಟೋಗೆ ಈಗ ಹಾರ ಬಿದ್ದಿದೆ. ಅಪ್ಪ ತಲೆ ಬಾಚಿಕೊಂಡು ನೆಟ್ಟಗೆ ಕೂತಿದ್ದಾನೆ. ಕಣ್ಣೀರು ಮಾತ್ರ ಕೆನ್ನೆಗೆ ಇಳಿಯದೆ, ಕಣ್ಣಿಂದ ಕಿವಿಗೆ ಅಡ್ಡಲಾಗಿ ಹರಿದಿದೆ.